ತೊಟ್ಟಿಲ ತೂಕ

ನೆಲದ ಮೇಲೆ ಓಡಾಡುವ ಜನರನ್ನು ಕಂಡರೆ ಭಾವನಿಗೆ ತಾತ್ಸಾರ. ಇಪ್ಪತ್ತೆರಡು ವರ್ಷ ಹದಿನಾಲ್ಕು ಮಹಡಿಯ ಕಟ್ಟಡದ ಹೊರಗೋಡೆಗೆ ಜೋತುಬಿದ್ದು ಗಾಜು ಒರೆಸಿದವನಿಗೆ ಅಷ್ಟೂ ಇರದಿದ್ದರೆ ಹೇಗೆ? ಮೇಲಿನಿಂದ ನೋಡಿದರೆ ಎಂಥ ದೊಡ್ಡ ಮನುಷ್ಯನೂ ಒಂದು ನಡುನೆತ್ತಿ, ಎರಡು ಬೂಟಿನ ತುದಿ. ಅದಕ್ಕಿಂತ ಹೆಚ್ಚಿನ ಮರ್ಯಾದೆಯನ್ನು ಅವನು ಯಾರಿಗೂ ಕೊಟ್ಟವನಲ್ಲ.

ನಿಜ ಹೇಳಬೇಕೆಂದರೆ ಅವನು ಆ ಕಟ್ಟಡದಲ್ಲಿ ಒಬ್ಬನಿಗೆ ಮಾತ್ರ ಭಾವ, ಜೊತೆಗೆ ಕೆಲಸ ಮಾಡುವ ಹೆಂಡತಿಯ ತಮ್ಮನಿಗೆ. ಆ ಮೈದುನ ದಿನಕ್ಕೆ ನೂರು ಸಲ 'ಭಾವ, ಭಾವ' ಅನ್ನುವುದನ್ನು ಕೇಳಿ ಕೇಳಿ ಗೇಟಿನ ಕಾವಲುಗಾರನಿಂದ ಲಿಫ್ಟಿನವನವರೆಗೆ ಎಲ್ಲರಿಗೂ ಅವನು ಭಾವನೇ ಆಗಿಹೋಗಿದ್ದ. ಮೈದುನ ಎಲ್ಲರಿಗೂ ಮೈದುನ. ಇಬ್ಬರೂ ನಿಂತು ಕೆಲಸ ಮಾಡುವ ತಗಡಿನ ಉದ್ದನೆಯ ಪೆಟ್ಟಿಗೆ ಚಾವಣಿಯಿಂದ ಎರಡು ಉಕ್ಕಿನ ಹಗ್ಗಕ್ಕೆ ನೇತುಬಿದ್ದು ಮೇಲೆ ಕೆಳಗೆ ಹೋಗುತ್ತಿತ್ತು. ಅದಕ್ಕೆ ಕೆಲಸದವರೆಲ್ಲ ತೊಟ್ಟಿಲು ಅನ್ನುತ್ತಿದ್ದರು. ಗಂಡಸರಿಬ್ಬರು ದಿನವಿಡೀ ತೊಟ್ಟಿಲಲ್ಲಿ ಇರುತ್ತಾರೆ ಎಂದು ಹೇಳಿ ನಗುವವರೂ ಇದ್ದರು. ಅವರು ಕೆಳಗಿನವರು, ಭಾವ ಅವರನ್ನು ಲೆಕ್ಕಕ್ಕೆ ಇಟ್ಟುಕೊಂಡಿರಲಿಲ್ಲ.

ತೊಟ್ಟಿಲೊಳಗೆ ಕೆಲಸ ಹಂಚಿಹೋಗಿತ್ತು. ಮೈದುನ ಬಟ್ಟೆ ಸುತ್ತಿದ ಕೋಲಿನಿಂದ ಸೋಪಿನ ನೀರು ಬಳಿಯಬೇಕು, ಅದು ಒಣಗುವ ಮುಂಚೆ ಭಾವ ವೈಪರ್ ಎಳೆಯಬೇಕು. ಹನ್ನೊಂದು ವರ್ಷದಲ್ಲಿ ಒಂದು ದಿನವೂ ಅದಲುಬದಲಾಗಿಲ್ಲ. ಬಳಿಯುವವನಿಗೆ ತೋಳುನೋವು, ಎಳೆಯುವವನಿಗೆ ಹೆಸರು. ಗಾಜು ಫಳಫಳ ಹೊಳೆದರೆ ಅದು ಭಾವನ ಕೈಚಳಕ, ಮೂಲೆಯಲ್ಲಿ ಕಲೆ ಉಳಿದರೆ ಮೈದುನ ಸರಿಯಾಗಿ ಬಳಿದಿಲ್ಲ.

ಗಾಜಿನಾಚೆಯ ಜನರ ಬಗ್ಗೆಯಂತೂ ಕೇಳಲೇಬೇಡಿ. ಏಳನೇ ಮಹಡಿಯಲ್ಲಿ ಕಚೇರಿಯವರ ಕ್ಯಾಂಟೀನು, ಆರನೆಯದರಲ್ಲಿ ಅವರದೇ ಜಿಮ್ಮು. ತೊಟ್ಟಿಲು ಏಳರಲ್ಲಿ ನಿಂತಾಗ ಕೆನೆ ಮೆತ್ತಿದ ಕೇಕು ತುರುಕಿಕೊಳ್ಳುತ್ತಿದ್ದ ಮುಖವೇ ತೊಟ್ಟಿಲು ಆರಕ್ಕೆ ಇಳಿಯುವಷ್ಟರಲ್ಲಿ ಓಡುವ ಪಟ್ಟಿಯ ಮೇಲೆ ಏದುಸಿರು ಬಿಡುತ್ತಿರುತ್ತಿತ್ತು. "ನೋಡೋ, ಮೇಲೆ ತುಂಬ್ಸೋದು, ಕೆಳಗೆ ಸುರಿಯೋದು. ತೂತು ಬಕೆಟ್‌ಗಳು," ಎಂದು ಭಾವ ವೈಪರ್ ಎಳೆಯುತ್ತಾ ಹೇಳುತ್ತಿದ್ದ. ಗಾಜು ದಪ್ಪ, ಒಳಗಿನವರಿಗೆ ಕೇಳಿಸದು. ಅವರು ಕೈ ಬೀಸಿದರೆ ಇವನೂ ಹಲ್ಲು ಕಿರಿದು ಕೈ ಬೀಸುತ್ತಿದ್ದ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ಹುಡುಕುವವನಿಗೆ ಇಂಥ ಕೆಲಸ ಸಿಕ್ಕಿಬಿಟ್ಟರೆ ಸ್ವರ್ಗಕ್ಕೆ ಮೂರೇ ಗೇಣು.

ಹೀಗಿರುವಾಗ ಹಳೆಯ ಮೋಟಾರು ಕೆಟ್ಟು ಹೊಸದು ಬಂತು. ಹಳೆಯದು ಮೂಕಪ್ರಾಣಿ, ಎಷ್ಟು ಹೇರಿದರೂ ಗೊಣಗಿಕೊಂಡು ಎಳೆಯುತ್ತಿತ್ತು. ಹೊಸದು ತೊಟ್ಟಿಲಲ್ಲಿ ಎಷ್ಟು ಭಾರ ಇದೆ ಎಂದು ಒಂದು ಪುಟ್ಟ ಪರದೆಯ ಮೇಲೆ ಕೆಂಪು ಅಂಕಿಯಲ್ಲಿ ತೋರಿಸುತ್ತಿತ್ತು. ಮಿತಿ ಮೀರಿದರೆ ಗಂಟೆ ಬಾರಿಸಿ, ಅಲುಗಾಡದೆ ನಿಂತುಬಿಡುತ್ತಿತ್ತು. ಮೊದಲ ದಿನ ನೀರಿನ ಕ್ಯಾನು, ಬಕೆಟ್ಟು ಇಟ್ಟುಕೊಂಡು ಇಬ್ಬರೂ ಹತ್ತಿದ್ದೇ ತಡ, ಗಂಟೆ ಹೊಡೆದುಕೊಳ್ಳತೊಡಗಿತು. ಚಾವಣಿಯ ಮೇಲಿದ್ದ ಎಲೆಕ್ಟ್ರಿಷಿಯನ್, ಕೊಳಾಯಿ ರಿಪೇರಿಯವನು, ಇಬ್ಬರು ಕಾವಲುಗಾರರು ಎಲ್ಲರೂ ತಿರುಗಿ ನೋಡಿದರು. ಒಬ್ಬ ಕಿಸಕ್ಕನೆ ನಕ್ಕ. ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದಂತಾಯಿತು.

ಕೆಲಸಗಾರರ ಸುರಕ್ಷತೆ ನೋಡಿಕೊಳ್ಳುವ ಮೇಡಂ ಓಡಿ ಬಂದರು. ಹಳದಿ ಹೆಲ್ಮೆಟ್ಟಿನ ಕೆಳಗೆ ಅವರ ಮುಖ ಇನ್ನೂ ಚಿಕ್ಕದಾಗಿ ಕಾಣುತ್ತಿತ್ತು. ಉಗ್ರಾಣದ ತಕ್ಕಡಿ ತರಿಸಿ ಇಬ್ಬರನ್ನೂ ಒಬ್ಬೊಬ್ಬರಾಗಿ ನಿಲ್ಲಿಸಿದರು. ಭಾವ ನೂರ ಎಂಟು ಕೆಜಿ, ಮೈದುನ ನೂರ ಆರು.

"ಇಬ್ಬರದ್ದೂ ಸೇರಿ ಇನ್ನೂರ ಹದಿನಾಲ್ಕು. ನೀರು, ಸಾಮಾನು ಬಿಟ್ಟು ಇನ್ನೂರು ದಾಟೋ ಹಾಗಿಲ್ಲ," ಎಂದರು ಮೇಡಂ. "ಎಂಟು ವಾರ ಟೈಮ್ ಕೊಡ್ತೀನಿ. ಅಲ್ಲೀವರೆಗೆ ನೀರು ಕಮ್ಮಿ ತಗೊಂಡು ಹೋಗಿ. ಅಷ್ಟರಲ್ಲಿ ಇಳೀಲಿಲ್ಲ ಅಂದ್ರೆ ಒಬ್ಬರನ್ನ ಕೆಳಗೆ ಹಾಕ್ತೀನಿ, ಕಾರಿಡಾರ್ ಒರೆಸೋಕೆ."

"ಯಾರನ್ನ ಮೇಡಂ?" ಎಂದ ಭಾವ.

"ಜಾಸ್ತಿ ಭಾರ ಇರೋರನ್ನ."

ಹೆಚ್ಚು ಭಾರ ಇದ್ದದ್ದು ಭಾವನೇ, ಎರಡು ಕೆಜಿ. ಕಾರಿಡಾರ್ ಒರೆಸುವುದೆಂದರೆ ಬಗ್ಗಿ ಮಾಡುವ ಕೆಲಸ. ಒರೆಸಿದ ಜಾಗದ ಮೇಲೇ ಜನ ಬೂಟು ಹಾಕಿಕೊಂಡು ನಡೆಯುತ್ತಾರೆ. ತಲೆಯೆತ್ತಿದರೆ ಅವರ ಗಲ್ಲದ ಕೆಳಭಾಗ ಕಾಣುತ್ತದೆ. ಇಷ್ಟು ವರ್ಷ ಎಲ್ಲರ ನೆತ್ತಿಯನ್ನು ನೋಡಿದವನು ಇನ್ನು ಎಲ್ಲರ ಮೂಗಿನ ಹೊಳ್ಳೆ ನೋಡಿಕೊಂಡು ಇರಬೇಕು. ಅದಕ್ಕಿಂತ ಹಗ್ಗ ಹರಿದು ಬೀಳುವುದೇ ವಾಸಿ ಅನ್ನಿಸಿತು ಅವನಿಗೆ.

ಹೋಗುವ ಮುಂಚೆ ಮೇಡಂ ಒಂದು ಬುದ್ಧಿಮಾತು ಹೇಳಿದರು. ಅದನ್ನು ಹೇಳದೆ ಹೋಗಿದ್ದರೇ ಚೆನ್ನಾಗಿತ್ತೋ ಏನೋ. "ಬರೀ ಊಟ ಬಿಟ್ರೆ ಆಗಲ್ಲ, ಬರೀ ಓಡಿದ್ರೂ ಆಗಲ್ಲ. ಅರ್ಧ ಪಥ್ಯ, ಅರ್ಧ ವ್ಯಾಯಾಮ. ಎರಡೂ ಸಮ ಇರಬೇಕು, ತಿಳೀತಾ?"

ತಿಳಿಯದೆ ಏನು! ಭಾವನಿಗೆ ಅದು ತೊಟ್ಟಿಲಿನ ಕೆಲಸದಷ್ಟೇ ಸಲೀಸಾಗಿ ತಿಳಿಯಿತು. ಮನೆಗೆ ಹೋಗುವ ಬಸ್ಸಿನಲ್ಲೇ ಅವನು ಹಂಚಿಕೆ ಮುಗಿಸಿದ.

"ನೋಡು, ಅರ್ಧ ಪಥ್ಯ, ಅರ್ಧ ವ್ಯಾಯಾಮ. ಇರೋದು ಇಬ್ಬರು. ಪಥ್ಯ ನಿಂದು, ವ್ಯಾಯಾಮ ನಂದು."

"ಇಬ್ಬರೂ ಎರಡೂ ಮಾಡ್ಬೇಕು ಅಂತ ಮೇಡಂ ಅಂದಿದ್ದೇನೋ ಭಾವ," ಎಂದ ಮೈದುನ.

"ನೀನು ಯಾವತ್ತಾದ್ರೂ ಸೋಪೂ ಬಳಿದು ವೈಪರೂ ಎಳೆದಿದ್ದೀಯಾ? ಇಬ್ಬರೂ ಎರಡೂ ಮಾಡಿದ್ರೆ ಒಂದೂ ನೆಟ್ಟಗಾಗಲ್ಲ. ಗಂಟೆ ಬಾರಿಸೋದು ಒಟ್ಟು ತೂಕಕ್ಕೆ. ಯಾರ ಹೊಟ್ಟೆಯಿಂದ ಹೋಯ್ತು ಅಂತ ಅದು ಕೇಳುತ್ತಾ?"

ಮೈದುನ ಆಗಲಿ ಎಂದು ತಲೆಯಾಡಿಸಿದ. ಭಾವನ ಮಾತು ಮೀರುವ ಸ್ಥಿತಿ ಅವನದಲ್ಲ. ಮದುವೆಯಿಲ್ಲ, ಮನೆಯಿಲ್ಲ, ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿ ಮಲಗುತ್ತಿದ್ದ. ಕೆಲಸ ಕೊಡಿಸಿದ್ದು ಭಾವ. ಅದನ್ನು ಭಾವ ವಾರಕ್ಕೊಮ್ಮೆಯಾದರೂ ನೆನಪಿಸುತ್ತಿದ್ದ, ಮರೆತುಹೋದೀತು ಎಂಬಂತೆ.

ಮರುದಿನ ಬೆಳಗ್ಗೆ ಐದೂವರೆಗೆ ಭಾವ ಹೊಸ ಬೂಟು ತೊಟ್ಟು ಪಾರ್ಕಿಗೆ ಹೊರಟ. ಅಲ್ಲಿಯೂ ಅವನಿಗೆ ತಾತ್ಸಾರ ಮಾಡಲು ಜನ ಸಿಕ್ಕರು. ಕೈ ಬೀಸಿಕೊಂಡು ನಡೆಯುವ ನಿವೃತ್ತ ಮೇಷ್ಟ್ರು ಗಾಳಿಗೆ ಗುದ್ದಿ ಮೈ ನೋಯಿಸಿಕೊಳ್ಳುವವರು. ಮಾತಾಡುತ್ತಾ ನಡೆಯುವ ಮೂವರು ಹೆಂಗಸರ ನಾಲಿಗೆಗೆ ಮಾತ್ರ ವ್ಯಾಯಾಮ. ನಾಯಿ ಹಿಡಿದುಕೊಂಡು ಬಂದವನನ್ನು ನಾಯಿಯೇ ತಿರುಗಾಡಿಸುತ್ತಿತ್ತು. ಇವರೆಲ್ಲರ ನಡುವೆ ಭಾವ ನೆಲ ಅದುರುವಂತೆ ನಾಲ್ಕು ಸುತ್ತು ಓಡಿದ. ಎರಡನೆಯ ಸುತ್ತಿನಿಂದ ಅದು ಓಟವೂ ಅಲ್ಲ, ನಡಿಗೆಯೂ ಅಲ್ಲ, ಅಂಗಿ ಒದ್ದೆಯಾಗುವ ಒಂದು ಕ್ರಿಯೆ ಅಷ್ಟೇ. ಆದರೆ ಬೆವರು ನಿಜವಾದದ್ದು. ಮನೆಗೆ ಬಂದು ಆ ಅಂಗಿಯನ್ನು ಹೆಂಡತಿಯ ಎದುರು ಹಿಂಡಿ ತೋರಿಸಿದ.

ಹಿಂಡಿ ತೋರಿಸಿ ಊಟದ ಮೇಜಿಗೆ ಕೂತ. ಓಡಿದವನಿಗೆ ಹಸಿವು ಹೆಚ್ಚು. ಎಂಟು ಸ್ಲೈಸ್ ಬ್ರೆಡ್ಡು, ಅದಕ್ಕೆ ಬೆರಳು ದಪ್ಪ ಬೆಣ್ಣೆ, ಐದು ಮೊಟ್ಟೆ, ದೊಡ್ಡ ಲೋಟದಲ್ಲಿ ಸಕ್ಕರೆ ಹಾಕಿದ ಹಾಲು. ಎದುರಿಗೆ ಮೈದುನನ ತಟ್ಟೆಯಲ್ಲಿ ಹೆಚ್ಚಿದ ಸೌತೆಕಾಯಿ, ಒಂದು ಬೇಯಿಸಿದ ಮೊಟ್ಟೆ. ಆ ಮೊಟ್ಟೆಯ ಹಳದಿಯನ್ನು ಭಾವ ಚಮಚದಿಂದ ತೆಗೆದು ತನ್ನ ಬ್ರೆಡ್ಡಿನ ಮೇಲೆ ಇಟ್ಟುಕೊಂಡ.

"ಅದ್ರಲ್ಲಿ ಕೊಬ್ಬಿರುತ್ತೆ. ನಿನಗೆ ಆಗಲ್ಲ."

"ನಿಮಗೆ ಆಗುತ್ತಾ?" ಎಂದಳು ಹೆಂಡತಿ.

"ನಾನು ಓಡಿ ಬಂದಿದ್ದೀನಿ ಕಣೇ. ಕರಗುತ್ತೆ."

ಅವಳು ಮನೆಯಲ್ಲೇ ಹೊಲಿಗೆ ಮಷಿನ್ ಇಟ್ಟುಕೊಂಡು ಹಳೆಯ ಬಟ್ಟೆ ಬಿಗಿ ಮಾಡುವ, ಸಡಿಲ ಮಾಡುವ ಕೆಲಸ ಮಾಡುತ್ತಿದ್ದಳು. ಊರವರ ಸೊಂಟದ ಗುಟ್ಟೆಲ್ಲ ಅವಳ ಅಳತೆ ಟೇಪಿಗೆ ಗೊತ್ತು. 'ಇನ್ನೊಂದು ತಿಂಗಳಿಗೆ ಇಳಿದುಬಿಡ್ತೀನಿ, ಜಾಸ್ತಿ ಬಿಡಬೇಡಿ' ಎಂದವರೆಲ್ಲ ತಿಂಗಳು ಬಿಟ್ಟು ಮತ್ತೆ ಅದೇ ಪ್ಯಾಂಟು ತಂದದ್ದನ್ನು ಕಂಡವಳು. ಊಟ ಬಲ್ಲವನಿಗೆ ರೋಗವಿಲ್ಲ ಎಂದಷ್ಟೇ ಅಂದು ಎದ್ದು ಹೋದಳು. ಭಾವ ಅದನ್ನು ತನಗೆ ಸಿಕ್ಕ ಹೊಗಳಿಕೆ ಅಂದುಕೊಂಡ.

ಹಂಚಿಕೆ ಅಂದಮೇಲೆ ಹಂಚಿಕೆ. ಮೈದುನ ಒಂದು ದಿನ ಸುಮ್ಮನೆ ಮೆಟ್ಟಿಲು ಹತ್ತಿಕೊಂಡು ಚಾವಣಿಗೆ ಬಂದ. ಮೆಟ್ಟಿಲು ಹತ್ತುವುದೆಂದರೆ ಅವನಿಗೆ ಮೊದಲಿಂದಲೂ ಇಷ್ಟ. ಭಾವ ಎಲ್ಲರ ಮುಂದೆ ಉಗಿದ. "ಅದು ನನ್ನ ಪಾಲಿನ ಕೆಲಸ. ನೀನು ಲಿಫ್ಟಲ್ಲಿ ಬಾ. ವ್ಯಾಯಾಮ ಮಾಡಿದ್ರೆ ಹಸಿವಾಗುತ್ತೆ, ಹಸಿವಾದ್ರೆ ತಿಂತೀಯ." ಅಂದಿನಿಂದ ಮೈದುನ ಲಿಫ್ಟಿನಲ್ಲಿ ಬಂದ. ಭಾವ ಮೊದಲ ವಾರ ಹದಿನಾಲ್ಕೂ ಮಹಡಿ ಹತ್ತಿದ, ಎರಡನೆಯ ವಾರ ನಾಲ್ಕು ಹತ್ತಿ ಲಿಫ್ಟು ಹಿಡಿದ. ಮೂರನೆಯ ವಾರ ಮೆಟ್ಟಿಲಿನವರೆಗೆ ಹೋಗಿ, ಬೆಳಗ್ಗೆ ಓಡಿದ್ದು ನೆನಪಾಗಿ, ಹಿಂದಕ್ಕೆ ಬಂದ.

ಪ್ರತಿ ಸೋಮವಾರ ನೀರು ತುಂಬುವ ಮುಂಚೆ ಇಬ್ಬರೂ ಖಾಲಿ ತೊಟ್ಟಿಲಲ್ಲಿ ನಿಂತು ಪರದೆ ನೋಡುತ್ತಿದ್ದರು. ಇನ್ನೂರ ಹದಿಮೂರು, ಇನ್ನೂರ ಹನ್ನೊಂದು. ಭಾವ ಚಾವಣಿಯಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದ: "ನೋಡಿದ್ರಾ? ಬೆವರು ಸುರಿಸಿದ್ರೆ ಇಳಿಯುತ್ತೆ. ಸುಮ್ನೆ ಬಾಯಿ ಕಟ್ಟಿ ಕೂತ್ರೆ ಇಳಿಯುತ್ತಾ?" ಮೈದುನ ಪಕ್ಕದಲ್ಲಿ ಬಾಯಿ ಕಟ್ಟಿಕೊಂಡು ನಿಂತಿದ್ದ.

ಮೂರನೆಯ ಸೋಮವಾರ ಅಂಕಿ ಅಲುಗಾಡಲಿಲ್ಲ. ಮತ್ತೆ ಇನ್ನೂರ ಹನ್ನೊಂದೇ.

"ಕದ್ದು ತಿಂದಿದ್ದೀಯ," ಎಂದ ಭಾವ.

"ಇಲ್ಲ ಭಾವ. ನಿಮ್ಮಾಣೆಗೂ ಇಲ್ಲ."

"ಮತ್ತೆ ನಾನು ಓಡಿದ್ದು ಎಲ್ಲಿ ಹೋಯ್ತು?"

ಮೈದುನ ಕೈಗವಸು ಎಳೆದುಕೊಳ್ಳುತ್ತಾ ಮೆಲ್ಲಗೆ ಹೇಳಿದ: "ಒಂದ್ಸಲ ಬೇರೆ ಬೇರೆ ನಿಂತು ತೂಕ ನೋಡೋಣ್ವಾ ಭಾವ? ಉಗ್ರಾಣದಲ್ಲಿ ತಕ್ಕಡಿ ಇದೆಯಲ್ಲ."

"ಗಂಟೆ ಬೇರೆ ಬೇರೆ ಬಾರಿಸುತ್ತೇನೋ? ಒಟ್ಟು ಲೆಕ್ಕ ಅಂದ್ಮೇಲೆ ಒಟ್ಟು. ನಂಬಿಕೆ ಇಲ್ಲದವನ ಜೊತೆ ತೊಟ್ಟಿಲಲ್ಲಿ ನಿಲ್ಲೋಕಾಗುತ್ತಾ?" ಎಂದ ಭಾವ. ಅಂದಿನಿಂದ ಮೈದುನನ ರಾತ್ರಿಯೂಟ ನಿಂತಿತು. ಮಧ್ಯಾಹ್ನ ಮಾಡಿ ಉಳಿದದ್ದು ಹಾಳಾಗಬಾರದೆಂದು ರಾತ್ರಿ ಅವನ ಪಾಲನ್ನೂ ಭಾವನೇ ಉಂಡ.

ಆಮೇಲಿನ ವಾರಗಳಲ್ಲಿ ಅಂಕಿ ಮತ್ತೆ ಇಳಿಯತೊಡಗಿತು. ಭಾವನ ಹಮ್ಮು ಏರತೊಡಗಿತು. ಪಾರ್ಕಿನಲ್ಲಿ ನಿವೃತ್ತ ಮೇಷ್ಟ್ರನ್ನು ನಿಲ್ಲಿಸಿ, ಮೊಣಕಾಲು ಎಷ್ಟು ಎತ್ತಬೇಕು ಎಂದು ಪಾಠ ಹೇಳಿದ. ಎಲೆಕ್ಟ್ರಿಷಿಯನ್ನನ ಹೊಟ್ಟೆ ತಟ್ಟಿ, "ಬೆಳಿಗ್ಗೆ ಬಾರಯ್ಯ ನನ್ನ ಜೊತೆ, ಒಂದು ತಿಂಗಳಲ್ಲಿ ಮನುಷ್ಯನ ಥರ ಮಾಡ್ತೀನಿ," ಎಂದ. ಆರನೇ ಮಹಡಿಯ ಜಿಮ್ಮಿನವರನ್ನು ನೋಡಿ ಈಗ ಬರೀ ನಗುತ್ತಿರಲಿಲ್ಲ, ತಲೆ ಆಡಿಸುತ್ತಿದ್ದ, ತಪ್ಪು ಮಾಡುವ ಶಿಷ್ಯರನ್ನು ಕಂಡಂತೆ. ಮೈದುನನ ಮುಖ ಒಣಗಿ ಕಣ್ಣು ಒಳಕ್ಕೆ ಹೋಗಿದ್ದವು. ಸೋಪು ಬಳಿಯುವ ಕೈ ನಿಧಾನವಾಗಿತ್ತು. "ಬಾಡಿದ ಸೌತೆಕಾಯಿ ತಿಂದು ತಿಂದು ಅದೇ ಆಗಿಬಿಟ್ಟಿದ್ದೀಯ," ಎಂದು ಭಾವ ಅವನನ್ನು ಹಂಗಿಸುತ್ತಿದ್ದ. ಒಬ್ಬ ಮನುಷ್ಯ ಕಣ್ಣೆದುರೇ ಕರಗುತ್ತಿದ್ದರೂ ಅದು ತನ್ನ ಓಟದ ಫಲ ಎಂದು ನಂಬಬೇಕಾದರೆ ಅದಕ್ಕೂ ಒಂದು ಸಾಧನೆ ಬೇಕು.

ಆರನೆಯ ವಾರ ಹೆಂಡತಿ ಎರಡು ಪ್ಯಾಂಟುಗಳನ್ನು ತಂದು ಅವನ ಮುಂದೆ ಹಾಕಿದಳು. ಇಬ್ಬರ ಕೆಲಸದ ಪ್ಯಾಂಟೂ ಒಂದೇ ನೀಲಿ ಬಟ್ಟೆ.

"ಅವನ ಪ್ಯಾಂಟು ಬಿಗಿ ಮಾಡೋಕೆ ಎರಡೂ ಕಡೆಯಿಂದ ಬಟ್ಟೆ ತೆಗೆದೆ. ನಿಮ್ಮ ಪ್ಯಾಂಟು ಹಿಡಿಸ್ತಿರಲಿಲ್ಲ, ಆ ಬಟ್ಟೇನೇ ನಿಮ್ಮದಕ್ಕೆ ಹಾಕಿ ಅಗಲ ಮಾಡಿದ್ದೀನಿ. ಇಷ್ಟು ವರ್ಷದಲ್ಲಿ ಇಂಥ ಹೊಲಿಗೆ ಹೊಲಿದಿರಲಿಲ್ಲ ನಾನು."

"ಒಗೆದು ಒಗೆದು ಕುಗ್ಗಿದೆ ಅದು."

"ಒಂದೇ ಬಟ್ಟೆ, ಒಂದೇ ಬಕೆಟ್ಟು. ಒಂದು ಪ್ಯಾಂಟು ಕುಗ್ಗಿ ಇನ್ನೊಂದು ಹಿಗ್ಗುತ್ತೇನ್ರೀ?"

"ಇದು ಮಾಂಸಖಂಡ ಕಣೇ. ಓಡೋರಿಗೆ ತೊಡೆ, ಸೊಂಟ ಗಟ್ಟಿಯಾಗುತ್ತೆ. ನಿನಗೇನು ಗೊತ್ತು, ಬರೀ ಬಟ್ಟೆ ಅಳೆಯೋಳು."

"ಬಟ್ಟೆ ಒಳಗಿರೋದನ್ನೂ ಅಳೀತೀನಿ," ಎಂದಳು ಅವಳು. "ನನ್ನ ತಮ್ಮನಿಗೆ ಏನಾದ್ರೂ ಆದ್ರೆ ಮಾತ್ರ ನಾನು ಸುಮ್ನಿರಲ್ಲ. ಹೇಳಿದ್ದೀನಿ."

ಭಾವ ಆ ಪ್ಯಾಂಟು ತೊಟ್ಟುಕೊಂಡು ಕನ್ನಡಿ ನೋಡಿದ. ಅಚ್ಚುಕಟ್ಟಾಗಿ ಕೂತಿತ್ತು.

ಎಂಟನೆಯ ವಾರದ ಸೋಮವಾರ ಪರದೆಯ ಮೇಲೆ ಇನ್ನೂರ ಎರಡು ಬಂತು. ಇನ್ನು ಎರಡೇ ಎರಡು ಕೆಜಿ. ಭಾವ ಆ ಸಂಭ್ರಮಕ್ಕೆ ಮಧ್ಯಾಹ್ನ ಒಂದಿಡೀ ಕೇಕು ತರಿಸಿ, ಚಾವಣಿಯಲ್ಲಿದ್ದವರಿಗೆಲ್ಲ ಹಂಚಿ, ಹೆಚ್ಚಿನ ಪಾಲು ತಾನೇ ತಿಂದ. ಮೈದುನ ನೀರಿನ ಟ್ಯಾಂಕಿನ ನೆರಳಿನಲ್ಲಿ ಕಣ್ಣು ಮುಚ್ಚಿ ಕೂತಿದ್ದ.

ಮಾರನೆಯ ದಿನ ಒಂಬತ್ತನೇ ಮಹಡಿಯಲ್ಲಿ, ಒಳಗೆ ಎಂಟು ಜನ ಕಚೇರಿಯವರು ಮೇಜಿನ ಸುತ್ತ ಕೂತು ಮೀಟಿಂಗ್ ಮಾಡುತ್ತಿದ್ದಾಗ, ಮೈದುನನ ಕೈಯಿಂದ ಕೋಲು ಜಾರಿ, ಕೆಳಗೆ ಬೀಳದಂತೆ ಕಟ್ಟಿದ್ದ ದಾರಕ್ಕೆ ನೇತಾಡಿತು.

"ಲೇ, ಸೋಪು ಒಣಗುತ್ತೆ! ಬೇಗ ಬಳಿ," ಎಂದ ಭಾವ.

"ಭಾವ, ಗಾಜು ಕಪ್ಪಾಗ್ತಿದೆ," ಎಂದ ಮೈದುನ. ಹಾಗೆಂದವನೇ ಮೊಣಕಾಲಿನ ಮೇಲೆ ಕುಸಿದು, ತಗಡಿಗೆ ತಲೆ ಬಡಿದು ಮಲಗಿಬಿಟ್ಟ.

ಗಾಜಿನೊಳಗಿನವರು ಎದ್ದು ನಿಂತರು. ಭಾವ ಬಗ್ಗಿ ಮೈದುನನ ಕಂಕುಳಿಗೆ ಕೈ ಹಾಕಿದ. ನೂರು ಕೆಜಿಯ ಆಳನ್ನು ಎತ್ತುವವನಂತೆ ಹಲ್ಲು ಕಚ್ಚಿ ಎಳೆದ. ತುಂಬಿದೆ ಎಂದುಕೊಂಡು ಖಾಲಿ ಬಕೆಟ್ಟು ಎತ್ತಿದಂತೆ ಮೈ ಸರ್ರನೆ ಮೇಲೆ ಬಂದು ಮೈದುನನ ತಲೆ ಅವನ ಗಲ್ಲಕ್ಕೆ ಬಡಿಯಿತು. ಭಾವ ಅವನನ್ನು ಎದೆಗೆ ಆನಿಸಿಕೊಂಡು ಒಂದು ಕ್ಷಣ ಹಾಗೆಯೇ ನಿಂತ. ಅಂಗಿಯ ಒಳಗೆ ಪಕ್ಕೆಲುಬು ಕೈಗೆ ಸಿಗುತ್ತಿತ್ತು. ಇಷ್ಟು ಹಗುರವಾದ ಮನುಷ್ಯ ತನ್ನ ಪಕ್ಕದಲ್ಲಿ ನಿಂತು ಇಷ್ಟು ದಿನ ಕೆಲಸ ಮಾಡುತ್ತಿದ್ದನೇ ಎಂದು ಅವನಿಗೆ ಭಯವಾಯಿತು. ಕೆಳಗಿಳಿಯುವ ಗುಂಡಿ ಒತ್ತಿದ.

ನೆಲಮಹಡಿಯ ಪ್ರಥಮ ಚಿಕಿತ್ಸೆಯ ಕೋಣೆಯಲ್ಲಿ ನರ್ಸಮ್ಮ ಸಕ್ಕರೆ ನೀರು ಕುಡಿಸಿದಳು. ಮೈದುನನಿಗೆ ಎಚ್ಚರವಾದ ಮೇಲೆ ಭುಜ ಹಿಡಿದು ತೂಕದ ಮಷಿನ್ ಮೇಲೆ ನಿಲ್ಲಿಸಿ, ಅಂಕಿ ನೋಡಿ ಗಟ್ಟಿಯಾಗಿ ಓದಿದಳು: "ಎಂಬತ್ತಾರು. ಬೆಳಿಗ್ಗೆ ಏನು ತಿಂದ್ರಿ?"

"ಸೌತೆಕಾಯಿ."

"ನಿನ್ನೆ?"

"ನಿನ್ನೇನೂ ಅದೇ."

ಭಾವ ಬಾಗಿಲಿನ ಬಳಿ ನಿಂತು ಲೆಕ್ಕ ಹಾಕಿದ. ನಿನ್ನೆ ಒಟ್ಟು ಇನ್ನೂರ ಎರಡು. ಅದರಲ್ಲಿ ಎಂಬತ್ತಾರು ಹೋದರೆ ನೂರ ಹದಿನಾರು. ತಪ್ಪಾಗಿರಬೇಕು ಎಂದು ಇನ್ನೊಮ್ಮೆ ಹಾಕಿದ. ಮೂರನೆಯ ಸಲ ಬೆರಳು ಎಣಿಸಿ ಹಾಕಿದ. ಎಂಟು ವಾರ ಬೆಳಗಾಗೆದ್ದು ಓಡಿ ಅವನು ಎಂಟು ಕೆಜಿ ಏರಿದ್ದ. ಮೈದುನ ಇಪ್ಪತ್ತು ಇಳಿದಿದ್ದ. ಬೆಟ್ಟ ಅಗೆದು ಇಲಿ ಹಿಡಿದಿದ್ದರೂ ಒಂದು ಮಾತು, ಇವನು ಅಗೆದ ಮಣ್ಣನ್ನೆಲ್ಲ ತನ್ನ ಹೊಟ್ಟೆಯ ಮೇಲೇ ಹೇರಿಕೊಂಡಿದ್ದ. ನಾಚಿಕೆಯಾಯಿತು. ಅಲ್ಲಿಗೇ ನಿಂತಿದ್ದರೆ ಅವನನ್ನು ಮನುಷ್ಯ ಅನ್ನಬಹುದಿತ್ತು.

ಅಷ್ಟರಲ್ಲಿ ಮೇಡಂ ಬಂದರು. "ಏನಾಯ್ತು? ಯಾಕೆ ಬಿದ್ರು?"

'ಜಾಸ್ತಿ ಭಾರ ಇರೋರನ್ನ' ಎಂದ ಅವರ ಮಾತು ಭಾವನ ತಲೆಯೊಳಗೆ ಗಂಟೆಯಂತೆ ಹೊಡೆದುಕೊಂಡಿತು. ನರ್ಸಮ್ಮ ಬಾಯಿ ತೆರೆಯುವ ಮುಂಚೆಯೇ ಅವನು ಹೇಳಿದ: "ಇವನಿಗೆ ಎತ್ತರ ಆಗಲ್ಲ ಮೇಡಂ. ಮೊದಲಿಂದಲೂ ತಲೆ ತಿರುಗುತ್ತೆ. ಹೆಂಡ್ತಿ ತಮ್ಮ ಅಂತ ನಾನೇ ಮುಚ್ಚಿಟ್ಕೊಂಡು ಬಂದೆ. ಇನ್ನು ನನ್ನ ಕೈಲಾಗಲ್ಲ."

ಎಷ್ಟು ಸರಾಗವಾಗಿ ಬಂತು ಸುಳ್ಳು! ಅದರಲ್ಲೂ ತನ್ನ ದೊಡ್ಡತನ ಒಂದಿಷ್ಟು ಸೇರಿಸುವುದನ್ನು ಅವನು ಮರೆಯಲಿಲ್ಲ. ಹನ್ನೊಂದು ವರ್ಷ ತೊಟ್ಟಿಲಿನ ಅಂಚಿಗೆ ಒರಗಿ, ಕೆಳಗೆ ನೋಡುತ್ತಾ ಹಾಡು ಗುನುಗುತ್ತಿದ್ದವನು ಮೈದುನ.

ಮೇಡಂ ಮೈದುನನ ಕಡೆ ತಿರುಗಿದರು. "ಹೌದಾ?"

ಮೈದುನ ಭಾವನನ್ನು ನೋಡಿದ. ಆಮೇಲೆ ತನ್ನ ಕೈಯಲ್ಲಿದ್ದ ಸಕ್ಕರೆ ನೀರಿನ ಲೋಟ ನೋಡಿದ. "ಹೌದು ಮೇಡಂ. ತಲೆ ತಿರುಗುತ್ತೆ."

"ಸರಿ. ಎರಡು ದಿನ ರಜೆ ತಗೊಂಡು ಆಮೇಲೆ ಕೆಳಗಿನ ಕೆಲಸಕ್ಕೆ ಬನ್ನಿ," ಎಂದು ಮೇಡಂ ಬರೆದುಕೊಂಡರು. ಕೆಲಸ ಎಷ್ಟು ಸುಲಭವಾಗಿ ಮುಗಿಯಿತು ಎಂದರೆ ಭಾವನಿಗೇ ಆಶ್ಚರ್ಯವಾಯಿತು.

ಆ ಸುಲಭ ಮಧ್ಯಾಹ್ನದವರೆಗೆ ಮಾತ್ರ. ಊಟದ ಹೊತ್ತಿಗೆ ಮೇಡಂ ಇನ್ನೊಂದು ಕಟ್ಟಡದಿಂದ ಒಬ್ಬ ಪೇಂಟರನನ್ನು ಭಾವನ ಜೊತೆ ತೊಟ್ಟಿಲಿಗೆಂದು ಕರೆತಂದರು. ಗಟ್ಟಿ ಆಳು, ನೇರ ಮಾತು.

"ನಿಮ್ಮ ತೂಕ ಎಷ್ಟು?" ಎಂದು ಕೇಳಿದ ಭಾವ, ಹಲೋ ಅನ್ನುವ ಮುಂಚೆ.

"ತೊಂಬತ್ತೆರಡು. ಹದಿನೈದು ವರ್ಷದಿಂದ ಅಷ್ಟೇ."

"ಸ್ವಲ್ಪ ಊಟ ಕಮ್ಮಿ ಮಾಡಿದ್ರೆ..."

ಪೇಂಟರ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ನಾನು ಯಾಕೆ ಕಮ್ಮಿ ಮಾಡ್ಲಿ? ಇನ್ನೂರರಲ್ಲಿ ನಂದು ತೊಂಬತ್ತೆರಡು. ಉಳಿದ ನೂರ ಎಂಟರಲ್ಲಿ ನೀವು ಹಿಡಿಸಿದ್ರೆ ಹತ್ತೋಣ."

"ನಾಳೆ ಒಂಬತ್ತು ಗಂಟೆಗೆ ಪೂರ್ತಿ ನೀರು ತುಂಬಿ ನೋಡ್ತೀನಿ," ಎಂದರು ಮೇಡಂ. "ಗಂಟೆ ಬಾರಿಸಿದ್ರೆ ನಿಮ್ಮಲ್ಲಿ ಭಾರ ಇರೋರು ಕೆಳಗೆ."

ನೂರ ಎಂಟು! ಎಂಟು ವಾರದ ಹಿಂದೆ ಭಾವ ಇದ್ದದ್ದೇ ಅಷ್ಟು. ಏನೂ ಮಾಡದೆ ಮಂಚದ ಮೇಲೆ ಕಾಲು ಚಾಚಿ ಮಲಗಿದ್ದರೂ ನಾಳೆ ಅವನು ತೊಟ್ಟಿಲಲ್ಲಿ ಇರುತ್ತಿದ್ದ. ಈಗ ಒಂದು ರಾತ್ರಿಯಲ್ಲಿ ಎಂಟು ಕೆಜಿ ಇಳಿಸಬೇಕು. ಅದು ಅವನ ಕೈಯಲ್ಲಿ ಆಗದ ಕೆಲಸ. ಹಾಗಾದರೆ ಯಾರ ಕೈಯಲ್ಲಿ ಆಗುತ್ತದೆ? ಸಂಜೆ ಬಸ್ಸಿನಲ್ಲಿ ನಿಂತು ಯೋಚಿಸಿದಾಗ ಭಾವನಿಗೆ ದಾರಿ ಹೊಳೆಯಿತು. ಮೈದುನ ಜೊತೆಗಿದ್ದರೆ ಒಟ್ಟು ಇನ್ನೂರ ಎರಡೇ. ಎರಡು ಕೆಜಿ ಆ ಪ್ರಾಣಿಗೆ ಯಾವ ಲೆಕ್ಕ? ಒಂದು ರಾತ್ರಿ ನೀರು ಕುಡಿಯದಿದ್ದರೆ ಮುಗಿಯಿತು. ಮನಸ್ಸು ಹಗುರವಾಯಿತು. ಬಸ್ಸಿಳಿದು ನಡೆಯುವಾಗ ಅವನು ಒಳ್ಳೆಯ ಮಾತುಗಳನ್ನು ಜೋಡಿಸಿಕೊಂಡ. ಅವುಗಳಲ್ಲಿ ಕ್ಷಮೆ ಕೇಳುವ ಮಾತು ಒಂದೂ ಇರಲಿಲ್ಲ.

ಮನೆಯ ಬಾಗಿಲು ಅರ್ಧ ತೆರೆದಿತ್ತು. ಬೂಟು ಬಿಚ್ಚಲು ಬಗ್ಗಿದಾಗ ಅಡುಗೆಮನೆಯಿಂದ ಹೆಂಡತಿಯ ದನಿ ಕೇಳಿಸಿತು.

"ಹನ್ನೊಂದು ವರ್ಷ ಅಲ್ಲೇ ನೇತಾಡಿಕೊಂಡಿದ್ದವನು. ಎತ್ತರ ಕಂಡ್ರೆ ತಲೆ ತಿರುಗುತ್ತೆ ಅಂತ ಅವರು ಅಂದ್ರೆ ನೀನೂ ಹೌದು ಅನ್ನೋದಾ? ಯಾಕೋ ಹಾಗಂದೆ?"

ಮೈದುನ ಬಾಯಲ್ಲಿದ್ದುದನ್ನು ನುಂಗಿದ. ಅವನಿಗೆ ಅವಸರವಿರಲಿಲ್ಲ.

"ಹಸಿವಾಗಿತ್ತು ಅಕ್ಕ."

ಅವಳು ಸೌಟು ಕೆಳಗಿಟ್ಟ ಸದ್ದಾಯಿತು.

"ಇಲ್ಲ ಅಂದಿದ್ರೆ ಮತ್ತೆ ಮೇಲೆ ಹತ್ತಿಸ್ತಿದ್ರು," ಎಂದ ಮೈದುನ. "ಕೆಳಗಿನ ಕೆಲಸಕ್ಕೆ ತೂಕ ನೋಡಲ್ವಂತೆ."

"ಭಾವ ಇಳೀತಾ ಇಲ್ಲ ಅಂತ ನಿನಗೆ ಗೊತ್ತಿರಲಿಲ್ವಾ?"

"ಮೂರನೇ ವಾರವೇ ಗೊತ್ತಾಯ್ತು. ಮೆಡಿಕಲ್ ಶಾಪಲ್ಲಿ ನಾನೊಬ್ಬನೇ ನಿಂತು ನೋಡಿದೆ."

"ಮತ್ತೆ ಯಾಕೋ ಬಾಯಿ ಬಿಡಲಿಲ್ಲ, ಪೆದ್ದ?"

"ಬಿಟ್ಟಿದ್ರೆ ಇನ್ನೂ ಎರಡು ಸುತ್ತು ಜಾಸ್ತಿ ಓಡ್ತಿದ್ರು. ಓಡಿದ್ರೆ ಇನ್ನೂ ಜಾಸ್ತಿ ತಿಂತಿದ್ರು. ಅದನ್ನೂ ನಾನೇ ಇಳಿಸ್ಬೇಕಿತ್ತಲ್ಲ ಅಕ್ಕ."

ಅವಳು ನಗಲಿಲ್ಲ. ಮೈದುನನೂ ನಗಿಸಲು ಹೇಳಿದ ಮಾತಲ್ಲ ಅದು.

ಭಾವ ಒಂದು ಬೂಟು ಬಿಚ್ಚಿ ಒಂದು ಬೂಟಿನಲ್ಲೇ ಒಳಗೆ ಬಂದ. ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಅರ್ಧ ಉದುರಿಹೋಗಿದ್ದವು, ಉಳಿದವನ್ನೇ ಹೇಳಿದ.

"ಆಗಿದ್ದು ಆಗಿಹೋಯ್ತು ಬಿಡೋ. ಬೆಳಿಗ್ಗೆ ಮೇಡಂ ಹತ್ರ ನಾನೇ ಹೇಳ್ತೀನಿ, ತಪ್ಪು ತಿಳ್ಕೊಂಡಿದ್ದೆ ಅಂತ. ನೀನು ಒಂಬತ್ತಕ್ಕೆ ಬಂದುಬಿಡು. ಇನ್ನು ಎರಡೇ ಕೆಜಿ, ನಿನಗೇನು ದೊಡ್ಡದಾ? ಇವತ್ತೊಂದು ರಾತ್ರಿ ಊಟ..."

ಮಾತು ಅಲ್ಲಿಗೇ ನಿಂತಿತು. ಮೈದುನನ ಮುಂದೆ ತಟ್ಟೆ ತುಂಬ ಅನ್ನವಿತ್ತು. ಅದರಲ್ಲಿ ಅರ್ಧ ಆಗಲೇ ಖಾಲಿಯಾಗಿತ್ತು. ಅವನು ತಲೆಯೆತ್ತಲಿಲ್ಲ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಭಾವನ ಮಾತು ಕಿವಿಗೆ ಬೀಳದವನಂತೆ, ತಟ್ಟೆಯನ್ನು ಅಕ್ಕನ ಕಡೆಗೆ ಸರಿಸಿದ.

"ಅಕ್ಕ, ಇನ್ನೊಂಚೂರು ಅನ್ನ ಹಾಕು."

ಅವಳು ಪಾತ್ರೆಯ ತಳ ಕೆರೆದು, ಇದ್ದುದನ್ನೆಲ್ಲ ಬಡಿಸಿದಳು. ಪಾತ್ರೆಗೆ ನೀರು ಹಾಕಿ ತೊಟ್ಟಿಯಲ್ಲಿ ಇಟ್ಟಳು. ಭಾವ ಒಂದು ಬೂಟಿನಲ್ಲಿ ನಿಂತೇ ಇದ್ದ. ಕೂತ್ಕೊಳ್ಳಿ ಎಂದು ಯಾರೂ ಅನ್ನಲಿಲ್ಲ.